ಬಾಣಂತಿಯ ಎದೆಬಾವು: ಹಾಲು ನಿಲ್ಲಿಸಬೇಡಿ, ದಿನ ಕಳೆಯಬೇಡಿ

ಬೆಳ್ಮಣ್: ಹಟ್ಟಿಯಲ್ಲಿರುವ ಹಸುವಿಗೆ ಕೆಚ್ಚಲು ಬಾವು ಬಂದರೆ ಹೈನುಗಾರರು ಮರುದಿನದವರೆಗೆ ಕಾಯುವುದಿಲ್ಲ. ಕೆಚ್ಚಲು ಕೆಂಪೇರಿದೆಯೇ, ಮುಟ್ಟಿದರೆ ಬಿಸಿಯಿದೆಯೇ, ಹಾಲು ಒಡೆದಂತೆ ಬರುತ್ತಿದೆಯೇ ಎಂದು ನೋಡಿ ಅಂದೇ ಪಶುವೈದ್ಯರಿಗೆ ಕರೆ ಹೋಗುತ್ತದೆ. ಅದೇ ಮನೆಯ ಒಳಕೋಣೆಯಲ್ಲಿ ಮಲಗಿರುವ ಬಾಣಂತಿಯ ಎದೆ ಕೆಂಪಾಗಿ, ಕಲ್ಲಿನಂತೆ ಗಟ್ಟಿಯಾಗಿ, ಚಳಿಜ್ವರ ಬಂದಾಗ ಮಾತ್ರ ಅಷ್ಟು ಅವಸರ ಕಾಣುವುದಿಲ್ಲ. 'ಹಾಲು ಕಟ್ಟಿದೆ, ಬಿಸಿನೀರು ಹೊಯ್ದು ತಿಕ್ಕಿದರೆ ಇಳಿದೀತು' ಎಂಬ ಸಮಾಧಾನದಲ್ಲಿ ಎರಡು ಮೂರು ದಿನಗಳು ಕಳೆದುಹೋಗುತ್ತವೆ.

ಹಸುವಿನದೂ ಬಾಣಂತಿಯದೂ ಒಂದೇ ಜಾತಿಯ ಕಾಯಿಲೆ. ವೈದ್ಯ ವಿಜ್ಞಾನದಲ್ಲಿ ಎರಡಕ್ಕೂ ಮಾಸ್ಟೈಟಿಸ್ ಎಂಬ ಒಂದೇ ಹೆಸರಿದೆ. ಆದರೆ ಹಟ್ಟಿಯಿಂದ ಕಲಿಯಬೇಕಾಗಿದ್ದ ಅವಸರವನ್ನು ನಾವು ಕಲಿತಿಲ್ಲ. ಕಲಿಯಬಾರದಾಗಿದ್ದ ಇನ್ನೊಂದು ಪಾಠವನ್ನು ಕಲಿತಿದ್ದೇವೆ. ಬಾವು ಬಂದ ಹಸುವಿನ ಹಾಲನ್ನು ಸೊಸೈಟಿಗೆ ಹಾಕುವಂತಿಲ್ಲ, ಚೆಲ್ಲಬೇಕು. ಬಾಣಂತಿಯ ಹಾಲೂ ಹಾಗೆಯೇ ಕೆಟ್ಟಿರಬೇಕು ಎಂಬ ಊಹೆಯಿಂದ ಮಗುವನ್ನು ಎದೆಯಿಂದ ಬಿಡಿಸಿಬಿಡುತ್ತಾರೆ. ಸರಳವಾದ ಉರಿಯೂತವೊಂದು ಕೀವಿನ ಕುರುವಾಗಿ ಆಸ್ಪತ್ರೆ ಸೇರುವುದಕ್ಕೆ ಈ ಎರಡು ತಪ್ಪುಗಳು ದಾರಿ ಮಾಡಿಕೊಡುತ್ತವೆ.

ಕಾರ್ಕಳ-ಪಡುಬಿದ್ರಿ ಹೆದ್ದಾರಿಯಲ್ಲಿರುವ ಬೆಳ್ಮಣ್, ಅದರ ಆಸುಪಾಸಿನ ನಂದಳಿಕೆ, ಬೋಳ, ಮುಂಡ್ಕೂರು, ಶಿರ್ವದಂಥ ಊರುಗಳಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗಬೇಕೆಂಬ ವಾಡಿಕೆ ಇಂದಿಗೂ ಉಳಿದಿದೆ. ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದ ಹೆಣ್ಣುಮಕ್ಕಳೂ ಇದಕ್ಕಾಗಿ ಊರಿಗೆ ಬರುತ್ತಾರೆ. ತಾಯಿ, ಅಜ್ಜಿಯರ ಆರೈಕೆಯಿಂದ ದೊರೆಯುವ ವಿಶ್ರಾಂತಿಗೆ, ಒಳ್ಳೆಯ ಆಹಾರಕ್ಕೆ ಬೆಲೆ ಕಟ್ಟಲಾಗದು. ಆದರೆ ಎದೆಬಾವಿನ ವಿಷಯದಲ್ಲಿ ಅಜ್ಜಿಯ ತಿಳಿವಳಿಕೆ ಮಾತ್ರವಲ್ಲ, ಇಪ್ಪತ್ತು ವರ್ಷಗಳ ಹಿಂದೆ ವೈದ್ಯರೇ ಹೇಳುತ್ತಿದ್ದ ಮಾತೂ ಈಗ ಬದಲಾಗಿದೆ. ಅದನ್ನು ಎಲ್ಲರೂ ಅರಿಯಬೇಕಾಗಿದೆ.

ಕಾರಣವೇನು?

ಹೆರಿಗೆಯ ಬಳಿಕ ಎದೆಹಾಲು ಸ್ರವಿಸಲಾರಂಭಿಸಿದಾಗ ಸ್ತನದ ಅಂಗಾಂಶಗಳಲ್ಲಿ ರಕ್ತದ ಹರಿವು ಹೆಚ್ಚುತ್ತದೆ. ಹಾಲು ಹೊರಹೋಗುವ ಪ್ರಮಾಣಕ್ಕಿಂತ ಉತ್ಪತ್ತಿ ಹೆಚ್ಚಾದರೆ ಒಳಗೆ ಒತ್ತಡ ಏರುತ್ತದೆ. ಸುತ್ತಲಿನ ಅಂಗಾಂಶ ಊದಿಕೊಂಡು ಹಾಲಿನ ಸೂಕ್ಷ್ಮ ನಾಳಗಳನ್ನು ಹೊರಗಿನಿಂದ ಅದುಮುತ್ತದೆ. ಹಾಲು ಹರಿಯಲು ದಾರಿ ಕಿರಿದಾಗುತ್ತದೆ. ಇದು ಮೊದಲ ಹಂತ. ಇಲ್ಲಿ ಉರಿಯೂತವಿದೆಯೇ ಹೊರತು ಸೋಂಕು ಇರಲೇಬೇಕೆಂದಿಲ್ಲ. ಈ ಸ್ಥಿತಿ ಮುಂದುವರಿದಾಗ ರೋಗಾಣುಗಳು ಬೆಳೆಯಲು ಅನುಕೂಲವಾಗುತ್ತದೆ. ಇವುಗಳಲ್ಲಿ ಮುಖ್ಯವಾದುದು ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಆರೋಗ್ಯವಂತರ ಚರ್ಮದಲ್ಲಿ, ಮೂಗಿನಲ್ಲಿ ಸಹಜವಾಗಿಯೇ ಇರುವ ಈ ಜೀವಿಗೆ ಒಡೆದ ಮೊಲೆತೊಟ್ಟು ಸುಲಭದ ಬಾಗಿಲಾಗುತ್ತದೆ.

ಮಗು ತೊಟ್ಟನ್ನು ಮಾತ್ರ ಕಚ್ಚಿಕೊಂಡು ಕುಡಿಯುವುದು, ಹಾಲೂಡಿಸುವ ಹೊತ್ತು ದಿಢೀರನೆ ತಪ್ಪುವುದು, ಬಿಗಿಯಾದ ಒಳಉಡುಪು, ಹಠಾತ್ತಾಗಿ ಹಾಲು ಬಿಡಿಸುವುದು, ಅಗತ್ಯಕ್ಕಿಂತ ಹೆಚ್ಚು ಬಾರಿ ಪಂಪಿನಿಂದ ಹಾಲು ತೆಗೆದು ಉತ್ಪತ್ತಿಯನ್ನು ಏರಿಸುವುದು, ಇವೆಲ್ಲ ಎದೆಬಾವಿಗೆ ಕಾರಣವಾಗಬಲ್ಲವು. ಗೇರುಬೀಜದ ಕಾರ್ಖಾನೆಗೆ ಮರಳುವ, ಬೀಡಿ ಕಟ್ಟಲು ಗಂಟೆಗಟ್ಟಲೆ ಕೂರುವ, ಬ್ಯಾಂಕು ಕಚೇರಿಗಳಿಗೆ ಹೋಗುವ ತಾಯಂದಿರೆಲ್ಲರಿಗೂ ಹೊತ್ತು ತಪ್ಪುವ ಸಮಸ್ಯೆ ಒಂದೇ.

ವಿಶ್ವ ಆರೋಗ್ಯ ಸಂಸ್ಥೆ 2000ನೇ ಇಸವಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ತೊಂದರೆ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೆರಿಗೆಯ ನಂತರದ ಎರಡು ಮತ್ತು ಮೂರನೇ ವಾರಗಳಲ್ಲಿ. ಅಂದರೆ ತಾಯಿ ಆಸ್ಪತ್ರೆಯಿಂದ ಮನೆಗೆ ಮರಳಿ, ವೈದ್ಯರ ಕಣ್ಣಳತೆಯಿಂದ ದೂರವಾದ ದಿನಗಳಲ್ಲಿ.

ಗುರುತಿಸುವುದು ಹೇಗೆ?

ಹಾಲು ತುಂಬಿ ಎದೆ ಬಿಗಿಯುವುದಕ್ಕೂ ಎದೆಬಾವಿಗೂ ವ್ಯತ್ಯಾಸವಿದೆ. ಹೆರಿಗೆಯಾದ ಮೂರು ನಾಲ್ಕನೇ ದಿನ ಎರಡೂ ಸ್ತನಗಳು ಸಮನಾಗಿ ಬಿಗಿದು ನೋಯುವುದು ಸಹಜ. ಹಾಲೂಡಿಸುತ್ತಾ ಹೋದಂತೆ ಅದು ಇಳಿಯುತ್ತದೆ. ಎದೆಬಾವು ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಬರುತ್ತದೆ. ಸ್ತನದ ಒಂದು ಭಾಗ ಕೆಂಪಾಗಿ ಅಥವಾ ಕಪ್ಪು ಮೈಬಣ್ಣದವರಲ್ಲಿ ಗಾಢ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯೆನಿಸುತ್ತದೆ. ಜತೆಗೆ ಚಳಿ, 101 ಡಿಗ್ರಿ ಫ್ಯಾರನ್‌ಹೀಟ್ ಮೀರುವ ಜ್ವರ, ಮೈಕೈ ನೋವು, ಸುಸ್ತು ಸೇರಿಕೊಳ್ಳುತ್ತವೆ.

ಕರಾವಳಿಯಲ್ಲಿ ಇಲ್ಲಿಯೇ ಒಂದು ತೊಡಕಿದೆ. ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಡೆಂಗೆ, ಮಲೇರಿಯ, ಇಲಿಜ್ವರಗಳ ಹಾವಳಿ ಇರುತ್ತದೆ. ಚಳಿ, ಜ್ವರ, ಮೈಕೈ ನೋವು ಅವುಗಳ ಲಕ್ಷಣವೂ ಹೌದು. ಸಂಕೋಚದಿಂದ ಎದೆನೋವಿನ ಮಾತನ್ನು ಬಾಣಂತಿ ಆಡದಿದ್ದರೆ, ಮನೆಯವರು ಔಷಧದಂಗಡಿಯಿಂದ ಜ್ವರದ ಮಾತ್ರೆ ತಂದು ಸುಮ್ಮನಾಗುತ್ತಾರೆ. ಅಲ್ಲದೆ ಹೆರಿಗೆಯ ಬಳಿಕದ ಜ್ವರಕ್ಕೆ ಗರ್ಭಕೋಶದ ಸೋಂಕು, ಮೂತ್ರದ ಸೋಂಕು, ಶಸ್ತ್ರಚಿಕಿತ್ಸೆಯ ಗಾಯದ ಸೋಂಕೂ ಕಾರಣವಾಗಿರಬಹುದು. ಆದುದರಿಂದ ಹೆರಿಗೆಯಾಗಿ ಆರು ವಾರಗಳೊಳಗೆ ಬಂದ ಯಾವುದೇ ಜ್ವರವನ್ನು ಮನೆಯಲ್ಲಿ ಅಳೆದು ತೂಗುತ್ತಾ ಕೂರದೆ ವೈದ್ಯರಿಗೆ ತೋರಿಸುವುದೇ ಸರಿ. ಎದೆ ನೋಯುತ್ತಿದೆಯೇ ಎಂದು ಮನೆಯ ಹಿರಿಯ ಹೆಂಗಸರು ತಾವಾಗಿಯೇ ಕೇಳಬೇಕು.

ಹಾಲು ಕೆಡುತ್ತದೆಯೇ?

ಇಲ್ಲ. ಎದೆಬಾವು ಇರುವಾಗಲೂ ತಾಯಿಯ ಹಾಲು ಆರೋಗ್ಯವಂತ, ದಿನ ತುಂಬಿ ಹುಟ್ಟಿದ ಮಗುವಿಗೆ ಸುರಕ್ಷಿತ. ಉರಿಯೂತದಿಂದ ಹಾಲಿನಲ್ಲಿ ಸೋಡಿಯಂ ಅಂಶ ಹೆಚ್ಚುವುದರಿಂದ ರುಚಿ ತುಸು ಉಪ್ಪಾಗಬಹುದು. ಮಗು ಕೆಲವೊಮ್ಮೆ ಮುಖ ತಿರುಗಿಸಬಹುದು. ಅದು ವಿಷವಾಗಿರುವುದರ ಲಕ್ಷಣವಲ್ಲ. ಹಸುವಿನ ಹಾಲನ್ನು ತಿರಸ್ಕರಿಸುವುದಕ್ಕೆ ಅನೇಕ ಮನೆಗಳ ಹಾಲು ಒಟ್ಟಿಗೆ ಬೆರೆಯುವುದು, ಗುಣಮಟ್ಟ ಕುಸಿಯುವುದು, ಔಷಧದ ಅಂಶ ಉಳಿಯುವುದು ಮುಂತಾದ ಬೇರೆ ಕಾರಣಗಳಿವೆ. ಆ ನಿಯಮವನ್ನು ತಾಯಿ-ಮಗುವಿಗೆ ಅನ್ವಯಿಸಲಾಗದು.

ಹಾಲು ಹಠಾತ್ತಾಗಿ ನಿಲ್ಲಿಸಿದರೆ ಒಳಗಿನ ಒತ್ತಡ ಮತ್ತಷ್ಟು ಏರಿ ಕೀವುಗಟ್ಟುವ ಸಂಭವ ಹೆಚ್ಚುತ್ತದೆ. ಇಲ್ಲಿ ನಮ್ಮ ನೆಲದ ಮಲ್ಲಿಗೆಯನ್ನೂ ನೆನೆಯಬೇಕು. ಶಂಕರಪುರದ ಸುತ್ತಮುತ್ತ ಬೆಳೆಯುವ ಪ್ರಸಿದ್ಧ ಮಲ್ಲಿಗೆಯ ಕುಲದ ಹೂವನ್ನು ಎದೆಗೆ ಕಟ್ಟಿ ಹಾಲು ಬತ್ತಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಇದೆ. ಇದು ಬರಿಯ ನಂಬಿಕೆಯಲ್ಲ. 1988ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು ಮಲ್ಲಿಗೆ ಹೂವಿನಿಂದ ಹಾಲು ಉತ್ಪತ್ತಿಯ ಚೋದಕವಾದ ಪ್ರೊಲಾಕ್ಟಿನ್ ಕಡಿಮೆಯಾಗುವುದನ್ನು ದಾಖಲಿಸಿತ್ತು. ಪರಿಣಾಮವಿದೆ ಎಂಬ ಕಾರಣಕ್ಕಾಗಿಯೇ ಎಚ್ಚರಿಕೆ ಅಗತ್ಯ. ಬಾವು ಬಂದಿತೆಂದು ಗಾಬರಿಯಾಗಿ ಮಲ್ಲಿಗೆ ಕಟ್ಟಿದರೆ ರೋಗ ಗುಣವಾಗುವುದಿಲ್ಲ, ಮಗುವಿನ ಆಹಾರ ಮಾತ್ರ ಕಡಿಮೆಯಾಗುತ್ತದೆ.

ಈ ಮಾತಿಗೆ ಕೆಲವು ಅಪವಾದಗಳಿವೆ. ಎಚ್‌ಐವಿ ಸೋಂಕಿರುವ ತಾಯಿಗೆ ಎದೆಬಾವು ಬಂದರೆ ಹಾಲಿನ ಮೂಲಕ ವೈರಾಣು ದಾಟುವ ಅಪಾಯ ಹೆಚ್ಚುತ್ತದೆ. ಅಂಥವರು ಬಾವು ಇರುವ ಬದಿಯಿಂದ ಊಡಿಸದೆ ಹಾಲು ಹಿಂಡಿ ತೆಗೆದು, ತಮ್ಮ ಎಆರ್‌ಟಿ ಕೇಂದ್ರದ ಸಲಹೆಯನ್ನು ಕೂಡಲೇ ಪಡೆಯಬೇಕು. ದಿನ ತುಂಬದೆ ಹುಟ್ಟಿದ, ತೀವ್ರ ನಿಗಾ ಘಟಕದಲ್ಲಿರುವ ಶಿಶುಗಳ ವಿಷಯದಲ್ಲಿಯೂ ಮಕ್ಕಳ ವೈದ್ಯರನ್ನು ಕೇಳಬೇಕು.

ಬಿಸಿಯೋ, ತಂಪೋ?

ಬಿಸಿ ಶಾಖ ಕೊಡಿ, ಗಂಟನ್ನು ಬಲವಾಗಿ ತಿಕ್ಕಿ ಕರಗಿಸಿ, ಕೊನೆಯ ಹನಿಯವರೆಗೂ ಹಾಲು ಖಾಲಿ ಮಾಡಿ ಎಂಬ ಸಲಹೆ ದಶಕಗಳಿಂದ ಚಾಲ್ತಿಯಲ್ಲಿತ್ತು. ಬಾಣಂತಿಯ ಸ್ನಾನದ ಪದ್ಧತಿಗೆ ಅದು ಹೊಂದಿಕೊಳ್ಳುತ್ತಿತ್ತು. ಎಣ್ಣೆ ಹಚ್ಚಿ, ಹಂಡೆಯ ಸುಡುನೀರು ಹೊಯ್ಯುವಾಗ ಎದೆಯ ಗಂಟನ್ನೂ ಅದುಮಿ ಬಿಡುವುದು ಆರೈಕೆಯ ಭಾಗವೇ ಆಗಿತ್ತು.

2022ರಲ್ಲಿ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ಅಂತಾರಾಷ್ಟ್ರೀಯ ವೈದ್ಯರ ಸಂಘಟನೆ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ ಈ ಸಲಹೆಯನ್ನು ಬಹುಮಟ್ಟಿಗೆ ತಿರುವುಮುರುವು ಮಾಡಿತು. ಒಳಗಿರುವುದು ಕಲ್ಲಿನಂಥ ಹಾಲಿನ ಗಡ್ಡೆಯಲ್ಲ, ಊದಿಕೊಂಡ ಅಂಗಾಂಶ. ಉಳುಕಿದ ಕಾಲನ್ನು ಬಲವಾಗಿ ತಿಕ್ಕಿದರೆ ಊತ ಹೆಚ್ಚುವಂತೆ, ಎದೆಯನ್ನು ಒತ್ತಿ ತಿಕ್ಕಿದರೆ ಸೂಕ್ಷ್ಮ ರಕ್ತನಾಳಗಳು ಘಾಸಿಗೊಂಡು ಊತ ಇನ್ನಷ್ಟಾಗುತ್ತದೆ. ಪೂರ್ತಿ ಖಾಲಿ ಮಾಡುವ ಭರದಲ್ಲಿ ಪದೇ ಪದೇ ಹಾಲು ತೆಗೆದರೆ, ಇನ್ನೂ ಹೆಚ್ಚು ಬೇಕೆಂಬ ಸೂಚನೆ ದೇಹಕ್ಕೆ ಹೋಗಿ ಉತ್ಪತ್ತಿ ಏರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಗು ಕೇಳಿದಾಗ ಎಂದಿನಂತೆ ಊಡಿಸುವುದು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹಾಲೂಡಿಸುವುದರ ನಡುವಿನ ಹೊತ್ತಿನಲ್ಲಿ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನೋ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ಇಪ್ಪತ್ತು ನಿಮಿಷ ಇಡುವುದು. ತಿಕ್ಕುವುದಾದರೆ ಬೆಕ್ಕಿನ ಮೈ ನೇವರಿಸಿದಷ್ಟೇ ಹಗುರವಾಗಿ, ಕಂಕುಳಿನ ಕಡೆಗೆ. ಊಡಿಸುವ ಮುನ್ನ ತುಸು ಬೆಚ್ಚಗಿನ ಬಟ್ಟೆಯಿಂದ ಹಿತವೆನಿಸಿದರೆ ಅಡ್ಡಿಯಿಲ್ಲ.

ಬಾಣಂತಿಯ ಮೈಗೆ ತಂಪು ತಾಗಬಾರದೆಂದು ನಂಬಿದ ಮನೆಗಳಲ್ಲಿ ಮಂಜುಗಡ್ಡೆಯ ಮಾತು ಕೇಳಿದರೆ ಹಿರಿಯರು ಬೆಚ್ಚಿಬೀಳಬಹುದು. ಎದೆಯ ಮೇಲೆ ಇಟ್ಟ ತಣ್ಣನೆಯ ಬಟ್ಟೆಯಿಂದ ಹಾಲು ತಣ್ಣಗಾಗುವುದಿಲ್ಲ, ಮಗುವಿಗೆ ಶೀತವಾಗುವುದೂ ಇಲ್ಲ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪಥ್ಯವೂ ಜ್ವರದ ವೇಳೆಯಲ್ಲಿ ಸಲ್ಲದು. ಬಾಯಾರಿದಷ್ಟು ನೀರು ಕುಡಿಯಬೇಕು.

ಔಷಧೋಪಚಾರ

ನೋವು ಮತ್ತು ಜ್ವರಕ್ಕೆ ಪ್ಯಾರಸಿಟಮಾಲ್, ಊತ ಇಳಿಯಲು ಐಬುಪ್ರೊಫೇನ್ ಹಾಲೂಡಿಸುವ ತಾಯಂದಿರು ಬಳಸಬಹುದಾದ ಮಾತ್ರೆಗಳು. ಆದರೆ ಡೆಂಗೆ ಶಂಕೆ ಇರುವಾಗ ಐಬುಪ್ರೊಫೇನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲದು. ಆದುದರಿಂದ ನಮ್ಮ ಮಳೆಗಾಲದಲ್ಲಿ ವೈದ್ಯರು ಹೇಳದೆ ಅದನ್ನು ನುಂಗಬಾರದು. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಉರಿಯೂತದ ಮೊದಲ ಹಂತ ಇಷ್ಟರಲ್ಲಿಯೇ ಇಳಿಯುವುದುಂಟು. 24 ಗಂಟೆಗಳಲ್ಲಿ ಸುಧಾರಣೆ ಕಾಣದಿದ್ದರೆ, ಜ್ವರ ಏರುತ್ತಿದ್ದರೆ ಅಥವಾ ಮೊಲೆತೊಟ್ಟಿನಲ್ಲಿ ಸೋಂಕಿನ ಗಾಯವಿದ್ದರೆ ರೋಗನಿರೋಧಕ ಔಷಧ, ಅಂದರೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಸ್ಟೆಫಿಲೋಕಾಕಸ್‌ಗೆ ನಾಟುವ ಕ್ಲಾಕ್ಸಾಸಿಲಿನ್ ಗುಂಪಿನ ಔಷಧ ಅಥವಾ ಸೆಫಲೆಕ್ಸಿನ್ ಅನ್ನು ಸಾಮಾನ್ಯವಾಗಿ 10ರಿಂದ 14 ದಿನಗಳವರೆಗೆ ಕೊಡಲಾಗುತ್ತದೆ. ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಯನ್ನು ತಾವೇ ನುಂಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಈ ಬ್ಯಾಕ್ಟೀರಿಯದಲ್ಲಿ ಬಹುತೇಕ ಇರುತ್ತದೆ. ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಬೇಕು. ಜ್ವರ ಬಿಟ್ಟಿತೆಂದು ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಔಷಧ ಆರಂಭಿಸಿ 48 ಗಂಟೆಗಳಾದರೂ ಗುಣ ಕಾಣದಿದ್ದರೆ ಸ್ಕ್ಯಾನಿಂಗ್ ಹಾಗೂ ಹಾಲಿನ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಎಂಬ ತಳಿಯ ಸೋಂಕು ಇದ್ದೀತು ಅಥವಾ ಒಳಗೆ ಕೀವುಗಟ್ಟಿದ್ದೀತು.

ಕೀವುಗಟ್ಟಿದರೆ

ಗಟ್ಟಿ ಭಾಗ ಮೆತ್ತಗಾಗಿ, ಮೇಲಿನ ಚರ್ಮ ಹೊಳೆಯತೊಡಗಿ, ನೋವು ಕುತ್ತುವಂತಾದರೆ ಕೀವು ತುಂಬಿದೆ ಎಂದರ್ಥ. ಕುರು ಆಳದಲ್ಲಿದ್ದರೆ ಕೈಗೆ ಸಿಗುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ತಿಳಿಯುತ್ತದೆ. ಕೀವು ತುಂಬಿದ ಮೇಲೆ ಮಾತ್ರೆಗಳಷ್ಟರಿಂದಲೇ ಗುಣವಾಗದು, ಅದನ್ನು ಹೊರತೆಗೆಯಲೇಬೇಕು.

ಹಿಂದೆ ಅರಿವಳಿಕೆ ಕೊಟ್ಟು ಕೊಯ್ದು, ಗಾಯಕ್ಕೆ ಬಟ್ಟೆ ತುಂಬಿ, ದಿನಾ ಬದಲಿಸುತ್ತಿದ್ದರು. ಇಂದು ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ಕೀವು ಹೀರಿ ತೆಗೆಯುವುದು ಮೊದಲ ಆಯ್ಕೆ. ಇದನ್ನು ಕೆಲವು ಬಾರಿ ಮಾಡಬೇಕಾಗಬಹುದು. ಆದರೆ ದೊಡ್ಡ ಕಲೆ ಉಳಿಯುವುದಿಲ್ಲ, ತಾಯಿ ಅಂದೇ ಮನೆಗೆ ಮರಳಬಹುದು. ಕುರು ದೊಡ್ಡದಾಗಿದ್ದರೆ, ಚರ್ಮ ಸವೆದಿದ್ದರೆ ಸಣ್ಣ ಕೊಯ್ತ ಅಥವಾ ನಳಿಕೆ ಬೇಕಾಗುತ್ತದೆ. ಗಾಯ ಮಗುವಿನ ಬಾಯಿಗೆ ತಾಗುವ ಜಾಗದಲ್ಲಿಲ್ಲದಿದ್ದರೆ ಅದೇ ಬದಿಯಿಂದಲೂ ಹಾಲೂಡಿಸಬಹುದು. ಹೊರಗಿನಿಂದ ಸೊಪ್ಪು ಅರೆದು ಹಚ್ಚಿ ಕುರು ತಾನಾಗಿ ಒಡೆಯಲೆಂದು ಕಾಯುವುದರಿಂದ ಒಳಗಿನ ಅಂಗಾಂಶ ಇನ್ನಷ್ಟು ನಾಶವಾಗುತ್ತದೆ.

ಶಿಶುವಿನ ಎದೆ ಹಿಂಡದಿರಿ

ನವಜಾತ ಶಿಶುಗಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಎದೆ ತುಸು ಉಬ್ಬಿ ಹಾಲಿನಂಥ ದ್ರವ ಒಸರುವುದುಂಟು. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಚೋದಕಗಳ ಪರಿಣಾಮವದು. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಸ್ನಾನ ಮಾಡಿಸುವಾಗ ಅದನ್ನು ಹಿಂಡಿ ತೆಗೆಯುವ ರೂಢಿ ದೇಶದ ಅನೇಕ ಕಡೆಗಳಲ್ಲಿದೆ. ಇದರಿಂದ ಎಳೆಯ ಚರ್ಮ ಗಾಯಗೊಂಡು ಶಿಶುವಿಗೇ ಎದೆಬಾವು ಬಂದು ಕೀವಾಗಬಹುದು. ಹೆಣ್ಣುಮಗುವಾದರೆ ಮುಂದೆ ಸ್ತನದ ಬೆಳವಣಿಗೆಗೂ ಕುಂದು ಬರಬಹುದು. ಶಿಶುವಿನ ಎದೆಯನ್ನು ಮುಟ್ಟದೆ ಬಿಡುವುದೇ ಚಿಕಿತ್ಸೆ.

ಬಾಣಂತಿಯಲ್ಲದವರಿಗೆ ಬಂದರೆ

ಹಾಲೂಡಿಸದ ಮಹಿಳೆಯರಲ್ಲೂ ಎದೆಬಾವು ಬರುವುದಿದೆ; ಅಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಮಧುಮೇಹ ಮತ್ತು ಧೂಮಪಾನ ಇದಕ್ಕೆ ಪೂರಕವಾಗುತ್ತವೆ. ಹಾಲೂಡಿಸುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದ, ಮೂವತ್ತು ನಲವತ್ತರ ಪ್ರಾಯದವರಲ್ಲಿ ಗ್ರ್ಯಾನ್ಯುಲೋಮಾಟಸ್ ಮಾಸ್ಟೈಟಿಸ್ ಎಂಬ ದೀರ್ಘಕಾಲದ ಉರಿಯೂತ ಕಾಣಿಸಿಕೊಳ್ಳುತ್ತದೆ. 1972ರಲ್ಲಿ ಮೊದಲ ಬಾರಿಗೆ ವಿವರಿಸಲಾದ ಈ ಕಾಯಿಲೆ ಕ್ಯಾನ್ಸರಿನಂತೆಯೇ ತೋರುತ್ತದೆ; ಅವಸರದಲ್ಲಿ ಕೊಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರುತ್ತದೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಸ್ತನದ ಕ್ಷಯ. ನೋವಿಲ್ಲದ ಗಂಟು, ಮತ್ತೆ ಮತ್ತೆ ಕೀವು ಸೋರುವ ರಂಧ್ರ, ಕಂಕುಳಿನಲ್ಲಿ ಗಡ್ಡೆ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಿದರೆ ಗುಣವಾಗುತ್ತದೆ.

ಇವೆಲ್ಲಕ್ಕಿಂತ ಅಪರೂಪದ್ದು, ಆದರೆ ಅಪಾಯಕಾರಿಯಾದುದು ಉರಿಯೂತದ ರೂಪದಲ್ಲಿ ಬರುವ ಸ್ತನ ಕ್ಯಾನ್ಸರ್. ಸ್ತನ ಕೆಂಪಾಗಿ ಊದಿ, ಚರ್ಮ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಬಿದ್ದು, ಕೆಲವೇ ವಾರಗಳಲ್ಲಿ ಉಲ್ಬಣಿಸುತ್ತದೆ. ಜ್ವರ ಇರುವುದಿಲ್ಲ, ಗಂಟು ಕೈಗೆ ಸಿಗದೆಯೂ ಇರಬಹುದು. ಸೋಂಕೆಂದು ತಿಳಿದು ಒಂದರ ಮೇಲೊಂದು ಆ್ಯಂಟಿಬಯೋಟಿಕ್ ನುಂಗುತ್ತಾ ಹೋದರೆ ಅಮೂಲ್ಯ ಸಮಯ ಕೈತಪ್ಪುತ್ತದೆ. ಸೂಕ್ತ ಔಷಧ ಕೊಟ್ಟೂ ಒಂದೆರಡು ವಾರಗಳಲ್ಲಿ ಪೂರ್ಣ ಗುಣವಾಗದ ಯಾವುದೇ ಎದೆಬಾವಿಗೆ ಸ್ಕ್ಯಾನಿಂಗ್ ಮತ್ತು ಸೂಜಿಯಿಂದ ಅಂಗಾಂಶ ತೆಗೆದು ಮಾಡುವ ಬಯಾಪ್ಸಿ ಪರೀಕ್ಷೆ ಆಗಲೇಬೇಕು. ಇದು ಬಾಣಂತಿಯರಿಗೂ ಅನ್ವಯಿಸುತ್ತದೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಿರಾಧಾರವಾದುದು.

ಯಾರಿಗೆ ಹೇಳಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಭೇಟಿ ನೀಡಬೇಕೆಂಬ ವ್ಯವಸ್ಥೆ ಇದೆ. ಇವುಗಳಲ್ಲಿ 14 ಮತ್ತು 21ನೇ ದಿನದ ಭೇಟಿಗಳು ಎದೆಬಾವು ಹೆಚ್ಚಾಗಿ ಬರುವ ವಾರಗಳಲ್ಲಿಯೇ ಬರುತ್ತವೆ. ಮಗುವಿನ ತೂಕದ ಬಗ್ಗೆ ವಿಚಾರಿಸಿದಂತೆ ತಾಯಿಯ ಎದೆಯ ಬಗ್ಗೆಯೂ ಅಂದು ಮಾತಾಗಬೇಕು. ಮಗು ಸರಿಯಾಗಿ ಬಾಯಿ ಹಚ್ಚುತ್ತಿದೆಯೇ ಎಂದು ತೋರಿಸಿಕೊಂಡರೆ, ಒಡೆದ ತೊಟ್ಟನ್ನು ಆಗಲೇ ಗಮನಿಸಿದರೆ ಅರ್ಧ ರೋಗವನ್ನು ತಡೆದಂತೆ. ಮಗು ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿಯೊಳಗೆ ತೆಗೆದುಕೊಂಡು, ಗಲ್ಲ ಎದೆಗೆ ಒತ್ತಿಕೊಂಡಿದ್ದರೆ ಸರಿಯಾಗಿ ಕುಡಿಯುತ್ತಿದೆ ಎಂದು ತಿಳಿಯಬಹುದು.

ಜ್ವರ ಬಂದ ದಿನವೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಬಹುಪಾಲು ಪ್ರಕರಣಗಳು ಮಾತ್ರೆಯಲ್ಲಿಯೇ ಮುಗಿಯುತ್ತವೆ. ಮಗುವನ್ನೂ ಜತೆಗೇ ಕರೆದೊಯ್ಯಬೇಕು. ಹಾಲೂಡಿಸುವ ಹೊತ್ತು ತಪ್ಪಬಾರದು. ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸಕರು ಬೇಕಾದಾಗ ಕಾರ್ಕಳ, ಉಡುಪಿ, ಮಣಿಪಾಲಗಳು ಬೆಳ್ಮಣ್‌ನಿಂದ ದೂರವೇನಲ್ಲ. ವೈದ್ಯರು ಪುರುಷರೆಂಬ ಸಂಕೋಚವಿದ್ದರೆ ಪರೀಕ್ಷೆಯ ವೇಳೆ ನರ್ಸ್ ಅಥವಾ ಮನೆಯ ಹೆಂಗಸು ಜತೆಗಿರಲೆಂದು ಕೇಳುವುದು ರೋಗಿಯ ಹಕ್ಕು.

ಹಟ್ಟಿಯ ಹಸುವಿನ ಕೆಚ್ಚಲನ್ನು ದಿನಕ್ಕೆ ಎರಡು ಹೊತ್ತು ನೋಡುವ ಮನೆಯಲ್ಲಿ ಬಾಣಂತಿಯನ್ನು ದಿನಕ್ಕೊಮ್ಮೆಯಾದರೂ 'ಎದೆ ನೋವಿದೆಯಾ ಮಗಾ' ಎಂದು ಕೇಳಿದರೆ ಸಾಕು. ಆ ಒಂದು ಪ್ರಶ್ನೆಗೆ ಖರ್ಚಿಲ್ಲ. ಕೇಳದೆ ಕಳೆದ ಮೂರು ದಿನಗಳಿಗೆ ಮಾತ್ರ ತಾಯಿಯೂ ಮಗುವೂ ಬೆಲೆ ತೆರಬೇಕಾಗುತ್ತದೆ.